ಹೆಜ್ಜೆ ಎಣಿಸುವ ವಾಚ್: ಕೊಡಗಿನ ಏರಿಳಿತದಲ್ಲಿ ಎಷ್ಟು ನಂಬಬಹುದು?

ಮಾಂದಲ್‌ಪಟ್ಟಿಗೆ ಜೀಪಿನಲ್ಲಿ ಹೋಗಿ ಬಂದವರ ಕೈಯಲ್ಲಿರುವ ವಾಚ್ ನೋಡಿ. ಕೆಲವರದ್ದರಲ್ಲಿ ಕೂತಲ್ಲೇ ನೂರಾರು ಹೆಜ್ಜೆ ಏರಿರುತ್ತದೆ. ಅದೇ ಹೊತ್ತಿಗೆ ಮಡಿಕೇರಿಯಲ್ಲಿ ಒಬ್ಬರು ಮಳೆಯಲ್ಲಿ ಕೊಡೆ ಹಿಡಿದು ಪೇಟೆಗೆ ಹೋಗಿ ಸಾಮಾನು ತಂದಿರುತ್ತಾರೆ. ಬೆವರೂ ಬಂದಿರುತ್ತದೆ, ಮಂಡಿಯೂ ನೋಯುತ್ತಿರುತ್ತದೆ. ಅವರ ವಾಚ್ ಮಾತ್ರ ನಡೆದಿದ್ದರಲ್ಲಿ ಒಂದಷ್ಟನ್ನು ನುಂಗಿ ಹಾಕಿರುತ್ತದೆ. ಎರಡೂ ವಾಚ್ ಕೆಟ್ಟಿಲ್ಲ. ಎರಡೂ ತಮ್ಮ ಕೆಲಸವನ್ನೇ ಮಾಡಿವೆ. ಆ ಕೆಲಸ ಏನು ಅಂತ ನಮಗೆ ಯಾರೂ ಸರಿಯಾಗಿ ಹೇಳಿಲ್ಲ ಅಷ್ಟೆ.

ಸ್ಟೆಪ್ ಕೌಂಟರ್ ನಿಮ್ಮ ಕಾಲನ್ನು ನೋಡುವುದೇ ಇಲ್ಲ. ಅದು ಅಳೆಯುವುದು ಅಲುಗಾಟವನ್ನು. ಅಲುಗಾಟದಿಂದ ಹೆಜ್ಜೆಯನ್ನು ಊಹಿಸುತ್ತದೆ. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ.

ಒಳಗೆ ನಡೆಯುವುದೇನು

ಫೋನಿನಲ್ಲಾಗಲಿ ವಾಚಿನಲ್ಲಾಗಲಿ ಆಕ್ಸಿಲರೋಮೀಟರ್ ಎಂಬ ಪುಟ್ಟ ಚಿಪ್ ಇರುತ್ತದೆ. ಅದರೊಳಗೆ ಸಿಲಿಕಾನ್‌ನಲ್ಲಿ ಕೊರೆದ ಅತಿ ಸಣ್ಣ ತುಂಡೊಂದು ಸಣ್ಣ ಸ್ಪ್ರಿಂಗುಗಳ ಮೇಲೆ ನಿಂತಿದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಬಸ್ ಹೊರಳಿದಾಗ ನಿಂತವರೆಲ್ಲ ಒಂದು ಪಕ್ಕಕ್ಕೆ ವಾಲುತ್ತಾರಲ್ಲ, ಹಾಗೇ ಫೋನ್ ಅಲುಗಿದಾಗ ಈ ತುಂಡೂ ವಾಲುತ್ತದೆ. ಎಷ್ಟು ವಾಲಿತು ಎಂಬುದು ವಿದ್ಯುತ್ತಿನ ಸಣ್ಣ ಬದಲಾವಣೆಯಾಗಿ ಚಿಪ್‌ಗೆ ಗೊತ್ತಾಗುತ್ತದೆ. ಮೇಲೆ ಕೆಳಗೆ, ಹಿಂದೆ ಮುಂದೆ, ಎಡ ಬಲ ಹೀಗೆ ಮೂರು ದಿಕ್ಕಿನ ಲೆಕ್ಕ, ಒಂದು ಸೆಕೆಂಡಿಗೆ ಹತ್ತಾರು ಸಲ.

ನಾವು ನಡೆಯುವಾಗ ದೇಹ ಪ್ರತಿ ಹೆಜ್ಜೆಗೂ ಸ್ವಲ್ಪ ಏರಿ ಇಳಿಯುತ್ತದೆ. ಸಾಮಾನ್ಯ ನಡಿಗೆಯಲ್ಲಿ ಇದು ಸೆಕೆಂಡಿಗೆ ಸುಮಾರು ಎರಡು ಸಲ. ಚಿಪ್‌ನಿಂದ ಬರುವ ಗೆರೆಯಲ್ಲಿ ಸಮ ಅಂತರದಲ್ಲಿ ಉಬ್ಬುಗಳು ಕಾಣಿಸಿದರೆ 'ಇದು ನಡಿಗೆ' ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡುತ್ತದೆ. ಒಂದೆರಡು ಉಬ್ಬಿಗೆ ಅದು ನಂಬುವುದಿಲ್ಲ. ಸತತವಾಗಿ ಹಲವು ಹೆಜ್ಜೆ ಬಿದ್ದ ಮೇಲೆ ಅಷ್ಟನ್ನೂ ಸೇರಿಸಿಕೊಂಡು ಎಣಿಸಲು ಶುರುಮಾಡುತ್ತದೆ. ಅದಕ್ಕೇ ಅಡುಗೆಮನೆಯಲ್ಲಿ ಒಲೆಯಿಂದ ಸಿಂಕ್‌ಗೆ ಮೂರು ಹೆಜ್ಜೆ, ಅಲ್ಲಿಂದ ಫ್ರಿಜ್‌ಗೆ ನಾಲ್ಕು ಹೆಜ್ಜೆ ಅಂತ ಇಡೀ ಬೆಳಗ್ಗೆ ಓಡಾಡಿದರೂ ಬಹಳಷ್ಟು ಲೆಕ್ಕಕ್ಕೆ ಬರುವುದಿಲ್ಲ. ಮನೆಗೆಲಸ ಮಾಡುವವರಿಗೆ ಇದು ಅನ್ಯಾಯವೇ.

ಈಗ ಜೀಪಿನ ಕಥೆ ಅರ್ಥವಾಗುತ್ತದೆ. ಹೊಂಡ ಬಿದ್ದ ರಸ್ತೆಯಲ್ಲಿ ಒಂದೇ ಲಯದಲ್ಲಿ ಕುಲುಕಾಟ ಸಿಕ್ಕರೆ ವಾಚ್ ಮೋಸ ಹೋಗುತ್ತದೆ. ಕೊಡೆಯ ಕಥೆಯೂ ಅಷ್ಟೆ. ಮಣಿಕಟ್ಟಿನ ವಾಚ್ ಮುಖ್ಯವಾಗಿ ಕೈಬೀಸನ್ನು ನೋಡಿ ನಡಿಗೆ ಗುರುತಿಸುತ್ತದೆ. ಕೊಡೆ ಹಿಡಿದ ಕೈ ಬೀಸುವುದಿಲ್ಲ. ಊರುಗೋಲು ಹಿಡಿದ ಕೈ, ಮಗುವನ್ನು ಎತ್ತಿಕೊಂಡ ಕೈ, ಗೊಬ್ಬರದ ಗಾಡಿ ತಳ್ಳುವ ಕೈ ಎಲ್ಲವೂ ಹಾಗೇ.

ತೋಟದ ಕೆಲಸದಲ್ಲಿ ಇನ್ನೂ ತಮಾಷೆ. ಕಾಫಿ ಕುಯ್ಯುವವರು ಒಂದು ಗಿಡದ ಮುಂದೆ ನಿಂತು ಕೈ ಆಡಿಸುತ್ತಾರೆ, ಆಮೇಲೆ ಒಂದೆರಡು ಹೆಜ್ಜೆ ಸರಿಯುತ್ತಾರೆ. ಇಟ್ಟ ಹೆಜ್ಜೆ ತಪ್ಪಿಹೋಗಬಹುದು, ಇಡದ ಹೆಜ್ಜೆ ಸೇರಬಹುದು. ಕಣದಲ್ಲಿ ಕಾಫಿ ಹರಡುವಾಗ ಕೈ ಒಂದು ಲಯದಲ್ಲಿ, ಕಾಲು ಇನ್ನೊಂದು ಲಯದಲ್ಲಿ. ಇಂಥ ದಿನಗಳ ಸಂಖ್ಯೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಇನ್ನು ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿದದ್ದು? ಅದೂ ಹೆಜ್ಜೆಯಾಗಿ ಸೇರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ, ಅದು ವ್ಯಾಯಾಮವೇ ತಾನೆ.

ಫೋನ್ ಸಾಕಾ, ವಾಚ್ ಬೇಕಾ

2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದ ಫೋನಿನ ಹಾರ್ಡ್‌ವೇರ್‌ನಲ್ಲೇ ಹೆಜ್ಜೆ ಎಣಿಸುವ ವ್ಯವಸ್ಥೆಗೆ ಜಾಗ ಸಿಕ್ಕಿತು. ಅದೇ ವರ್ಷ ಬಂದ ಐಫೋನ್ 5ಎಸ್‌ನಲ್ಲೂ ಅಲುಗಾಟದ ಲೆಕ್ಕಕ್ಕೆಂದೇ ಬೇರೆ ಚಿಪ್ ಇತ್ತು. ಇದರಿಂದ ಆದ ಲಾಭ ಏನೆಂದರೆ, ಫೋನಿನ ದೊಡ್ಡ ಪ್ರೊಸೆಸರ್ ಮಲಗಿದ್ದರೂ ಎಣಿಕೆ ನಡೆಯುತ್ತಿರುತ್ತದೆ, ಬ್ಯಾಟರಿ ಹೆಚ್ಚು ತಿನ್ನುವುದಿಲ್ಲ. ಎಣಿಸಲು ಇಂಟರ್ನೆಟ್ ಬೇಡ, ಜಿಪಿಎಸ್ ಬೇಡ, ಟವರ್ ಬೇಡ. ಜುಲೈನಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ ಅನ್ನುವ ದಿನವೂ ಚಾರ್ಜ್ ಇರುವ ತನಕ ಹೆಜ್ಜೆ ಸೇರುತ್ತಲೇ ಇರುತ್ತದೆ.

ಹಾಗಾದರೆ ವಾಚ್ ಯಾಕೆ? ಫೋನ್ ಮೈಮೇಲೆ ಇದ್ದರೆ ಮಾತ್ರ ಎಣಿಸುತ್ತದೆ, ಅದಕ್ಕೆ. ಪ್ಯಾಂಟಿನ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಓಡಾಡುವ ಗಂಡಸರಿಗೆ ಫೋನೇ ಸಾಕು. ಸೀರೆ ಉಡುವವರಿಗೆ, ನೈಟಿ ಹಾಕುವವರಿಗೆ ಜೇಬೆಲ್ಲಿ? ಅವರ ಫೋನ್ ಡೈನಿಂಗ್ ಟೇಬಲ್ ಮೇಲೆ ಕೂತಿರುತ್ತದೆ, ಸಂಜೆ 400 ಹೆಜ್ಜೆ ತೋರಿಸುತ್ತದೆ. ಅವರಿಗೆ ವಾಚ್ ಅಥವಾ ಸೊಂಟಕ್ಕೆ ಸಿಕ್ಕಿಸುವ ಸಣ್ಣ ಪೆಡೋಮೀಟರ್ ಒಳ್ಳೆಯದು. ಸೊಂಟದ್ದು ನೋಡಲು ಹಳೇ ಕಾಲದ್ದು ಅನಿಸಬಹುದು. ಆದರೆ ಕೊಡೆ ಹಿಡಿದರೂ ಊರುಗೋಲು ಹಿಡಿದರೂ ಅದಕ್ಕೆ ವ್ಯತ್ಯಾಸವಿಲ್ಲ. ಸೊಂಟ ಪ್ರತಿ ಹೆಜ್ಜೆಗೂ ಅಲುಗಲೇಬೇಕಲ್ಲ. ಮಳೆಗಾಲದ ಕೊಡಗಿಗೆ ನನ್ನ ಮತ ಅದಕ್ಕೇ.

ಸೆಟ್ಟಿಂಗ್: ಎಲ್ಲರೂ ಬಿಟ್ಟುಬಿಡುವ ನಾಲ್ಕು ಜಾಗ

ಬೆಂಗಳೂರಿನಲ್ಲಿರುವ ಮಗಳು ವಾಚ್ ಕಳಿಸುತ್ತಾಳೆ, ರಜೆಯಲ್ಲಿ ಬಂದ ಮೊಮ್ಮಗ ಐದು ನಿಮಿಷದಲ್ಲಿ 'ಆಯ್ತು ತಾತ' ಅಂತ ಕೈಗೆ ಕಟ್ಟಿ ಹೋಗುತ್ತಾನೆ. ಆ ಐದು ನಿಮಿಷದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇವು.

ಮೊದಲನೆಯದು ಪರ್ಮಿಷನ್. ಆಂಡ್ರಾಯ್ಡ್ 10ರಿಂದ ಈಚೆಗೆ ಆ್ಯಪ್ ಹೆಜ್ಜೆ ಎಣಿಸಬೇಕಾದರೆ 'ಫಿಸಿಕಲ್ ಆಕ್ಟಿವಿಟಿ' ಎಂಬ ಅನುಮತಿ ಕೊಡಲೇಬೇಕು. ಗೂಗಲ್ ಫಿಟ್ ಇರಲಿ, ಸ್ಯಾಮ್‌ಸಂಗ್ ಹೆಲ್ತ್ ಇರಲಿ, ಮೊದಲ ಸಲ ತೆರೆದಾಗ ಇದನ್ನು ಕೇಳುತ್ತದೆ. ಗಾಬರಿಯಲ್ಲಿ ಬೇಡ ಅಂತ ಒತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್‌ನಲ್ಲಿ ಆ ಆ್ಯಪ್ ಹುಡುಕಿ, ಪರ್ಮಿಷನ್ಸ್‌ನಲ್ಲಿ ಮತ್ತೆ ಕೊಡಬಹುದು. ಐಫೋನಿನಲ್ಲಿ ಹೆಲ್ತ್ ಆ್ಯಪ್ ಮೊದಲೇ ಇರುತ್ತದೆ.

ಎರಡನೆಯದು ಬ್ಯಾಟರಿ. ಹಲವು ಕಂಪನಿಗಳ ಫೋನುಗಳು ಬ್ಯಾಟರಿ ಉಳಿಸಲು ಹಿಂದೆ ನಡೆಯುತ್ತಿರುವ ಆ್ಯಪ್‌ಗಳನ್ನು ಕೊಂದುಹಾಕುತ್ತವೆ. ಬೆಳಗ್ಗೆ ನಡೆದದ್ದು ಸಂಜೆ ನೋಡಿದರೆ ಮಾಯ. ಆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್ ತೆರೆದು 'ಅನ್‌ರೆಸ್ಟ್ರಿಕ್ಟೆಡ್' ಮಾಡಿ. ಕೆಲವು ಫೋನುಗಳಲ್ಲಿ 'ಆಟೋಸ್ಟಾರ್ಟ್' ಅಂತ ಬೇರೆ ಬಟನ್ ಇರುತ್ತದೆ, ಅದನ್ನೂ ಆನ್ ಮಾಡಬೇಕು. ಎಣಿಕೆ ನಿಂತುಹೋಗಿದೆ ಅನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದ ಜಾಗ ಇದೇ.

ಮೂರನೆಯದು ಎತ್ತರ, ತೂಕ, ಯಾವ ಕೈ. ಎತ್ತರ ತಪ್ಪಾದರೆ ಹೆಜ್ಜೆಯ ಸಂಖ್ಯೆ ಸರಿಯಿದ್ದರೂ ಕಿಲೋಮೀಟರ್ ತಪ್ಪುತ್ತದೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ವಾಚನ್ನು ಹೆಚ್ಚು ಕೆಲಸ ಮಾಡದ ಕೈಗೆ ಕಟ್ಟಿ, ಆ್ಯಪ್‌ನಲ್ಲೂ ಅದನ್ನೇ ಹೇಳಿ. ಬಲಗೈಯಲ್ಲಿ ಕತ್ತಿ ಹಿಡಿದು ಕಾಡು ಕಡಿಯುವವರು ಅದೇ ಕೈಗೆ ವಾಚ್ ಕಟ್ಟಿದರೆ ಸಂಖ್ಯೆ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ.

ನಾಲ್ಕನೆಯದು ಎರಡು ಎಣಿಕೆಯ ಗೊಂದಲ. ಫೋನೂ ಎಣಿಸುತ್ತದೆ, ವಾಚೂ ಎಣಿಸುತ್ತದೆ. ಒಳ್ಳೆಯ ಆ್ಯಪ್ ಎರಡನ್ನೂ ಕೂಡುವುದಿಲ್ಲ, ಒಂದನ್ನು ಆರಿಸಿಕೊಳ್ಳುತ್ತದೆ. ಆದರೆ ಎರಡು ಮೂರು ಆ್ಯಪ್ ಹಾಕಿಕೊಂಡು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದರೆ ಕಲಸುಮೇಲೋಗರವಾಗುತ್ತದೆ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ 'ಹೆಲ್ತ್ ಕನೆಕ್ಟ್' ಎಂಬ ಜಾಗದಲ್ಲಿ ಯಾರ ಲೆಕ್ಕಕ್ಕೆ ಮೊದಲ ಮಾನ್ಯತೆ ಅಂತ ಸಾಲು ಹಚ್ಚಬಹುದು. ಅದಕ್ಕಿಂತ ಸುಲಭ ದಾರಿ, ಒಂದೇ ಆ್ಯಪ್ ಇಟ್ಟುಕೊಂಡು ಉಳಿದದ್ದನ್ನು ತೆಗೆದುಬಿಡುವುದು.

ನೂರು ಹೆಜ್ಜೆಯ ಪರೀಕ್ಷೆ

ಸೆಟ್ಟಿಂಗ್ ಆದ ಮೇಲೆ ಸುಮ್ನೆ ನಂಬಬೇಡಿ. ಮೊದಲು ಸಂಖ್ಯೆ ನೋಡಿಕೊಳ್ಳಿ, ಬಾಯಲ್ಲಿ ಎಣಿಸುತ್ತಾ ನೂರು ಹೆಜ್ಜೆ ನಡೆಯಿರಿ, ನಿಂತು ಹದಿನೈದು ಸೆಕೆಂಡ್ ಕಾಯಿರಿ. ಕಾಯಬೇಕು, ಯಾಕೆಂದರೆ ಫೋನು ಹೆಜ್ಜೆಗಳನ್ನು ತಡವಾಗಿ ಗಂಟುಕಟ್ಟಿ ಕೊಡುತ್ತದೆ. ಆಮೇಲೆ ಮತ್ತೆ ನೋಡಿ. 95ರಿಂದ 105ರ ಒಳಗೆ ಬಂದರೆ ನಿಮ್ಮ ಸಾಧನ ಚೆನ್ನಾಗಿದೆ.

ಇದನ್ನೇ ಏರುದಾರಿಯಲ್ಲಿ ಒಂದು ಸಲ, ಕೊಡೆ ಹಿಡಿದು ಒಂದು ಸಲ, ನೀವು ತೋಟಕ್ಕೆ ಹಾಕುವ ಗಂಬೂಟ್ ಹಾಕಿಕೊಂಡು ಒಂದು ಸಲ ಮಾಡಿ. ಗಂಬೂಟಿನಲ್ಲಿ ಕಾಲೆಳೆದು ನಿಧಾನ ನಡೆಯುತ್ತೇವೆ, ಉಬ್ಬು ಚಿಕ್ಕದಾಗುತ್ತದೆ. ಗಂಟೆಗೆ 3 ಕಿಲೋಮೀಟರ್‌ಗಿಂತ ನಿಧಾನವಾದ ನಡಿಗೆಯಲ್ಲಿ ಬಹುತೇಕ ಸಾಧನಗಳು ಹೆಜ್ಜೆ ಬಿಟ್ಟುಬಿಡುತ್ತವೆ. ವಯಸ್ಸಾದ ಅಜ್ಜಿಯ ವಾಚ್ ಕಡಿಮೆ ತೋರಿಸಿದರೆ 'ನೀನು ನಡೆಯೋದೇ ಇಲ್ಲ' ಅಂತ ಬೈಯುವ ಮೊದಲು ಇದನ್ನು ನೆನಪಿಡಿ.

ಇನ್ನು ದೂರ. ಜಿಪಿಎಸ್ ಆನ್ ಮಾಡದಿದ್ದರೆ ಆ್ಯಪ್ ದೂರವನ್ನು ಅಳೆಯುವುದಿಲ್ಲ, ಗುಣಿಸುತ್ತದೆ. ಹೆಜ್ಜೆಯ ಸಂಖ್ಯೆಗೆ ಹೆಜ್ಜೆಯ ಉದ್ದ ಗುಣಿಸಿದರೆ ದೂರ. ಆ ಉದ್ದವನ್ನು ನಿಮ್ಮ ಎತ್ತರದಿಂದ ಅಂದಾಜು ಮಾಡುತ್ತದೆ, ಸಾಮಾನ್ಯವಾಗಿ ಎತ್ತರದ ಶೇ. 41ರಷ್ಟು. 160 ಸೆಂ.ಮೀ. ಎತ್ತರದವರಿಗೆ ಸುಮಾರು 66 ಸೆಂ.ಮೀ. ಇದು ಸಮತಟ್ಟು ರಸ್ತೆಯ ಲೆಕ್ಕ. ನಿಮ್ಮದನ್ನು ನೀವೇ ಅಳೆಯುವುದು ಒಳ್ಳೆಯದು. ಹೆದ್ದಾರಿ ಬದಿಯಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರ್‌ಗೊಂದು ಚಿಕ್ಕ ಕಲ್ಲು ಇರುತ್ತದೆ. ಒಂದರಿಂದ ಇನ್ನೊಂದಕ್ಕೆ 290 ಹೆಜ್ಜೆ ಬಿತ್ತು ಅಂದರೆ 200ನ್ನು 290ರಿಂದ ಭಾಗಿಸಿ, 69 ಸೆಂ.ಮೀ. ಅದೇ ನೀವು ಏರು ಹತ್ತುವಾಗ 360 ಹೆಜ್ಜೆ ಬಿದ್ದರೆ ಉದ್ದ 56 ಸೆಂ.ಮೀ.ಗೆ ಇಳಿಯಿತು. ಆ್ಯಪ್‌ಗೆ ಇದು ಗೊತ್ತಾಗುವುದಿಲ್ಲ. ಅದು ಏರಿನಲ್ಲೂ ಉದ್ದ ಹೆಜ್ಜೆಯನ್ನೇ ಗುಣಿಸಿ ದೂರವನ್ನು ಹಿಗ್ಗಿಸುತ್ತದೆ.

ಜಿಪಿಎಸ್ ಹಾಕಿದರೆ ಸರಿಹೋಗುತ್ತದಾ? ಬಯಲಲ್ಲಿ ಹೌದು. ಸಿಲ್ವರ್ ಓಕ್ ನೆರಳಿನ ಕಾಫಿ ತೋಟದಲ್ಲಿ, ಎರಡು ಗುಡ್ಡಗಳ ನಡುವಿನ ಗದ್ದೆ ಬಯಲಲ್ಲಿ ಸಂಶಯ. ಎಲೆ ಮತ್ತು ಗುಡ್ಡ ಸಿಗ್ನಲ್‌ಗೆ ಅಡ್ಡ ಬರುತ್ತವೆ, ಮ್ಯಾಪಿನಲ್ಲಿ ನಿಮ್ಮ ದಾರಿ ಅಂಕುಡೊಂಕಾಗಿ ಕುಣಿಯುತ್ತದೆ, ಆ ಕುಣಿತವೂ ದೂರಕ್ಕೆ ಸೇರಿಬಿಡುತ್ತದೆ. ತೋಟದೊಳಗೆ ನಡೆಯುವವರಿಗೆ, ಉದ್ದ ಸರಿಯಾಗಿ ಹಾಕಿದ ಹೆಜ್ಜೆಯ ಲೆಕ್ಕವೇ ವಾಸಿ.

ಹತ್ತು ಸಾವಿರ ಅಂತ ಯಾರು ಹೇಳಿದ್ದು

ಯಾವ ಆ್ಯಪ್ ತೆರೆದರೂ ಗುರಿ 10,000 ಅಂತ ಕಂಡರೆ ಆಶ್ಚರ್ಯವಿಲ್ಲ. ಇದು ಡಾಕ್ಟರರಿಂದ ಶುರುವಾದ ಸಂಖ್ಯೆ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ನಂತರ ಜಪಾನಿನಲ್ಲಿ ವ್ಯಾಯಾಮದ ಹುರುಪು ಹೆಚ್ಚಿತು. 1965ರಲ್ಲಿ ಅಲ್ಲಿನ ಯಮಾಸಾ ಕಂಪನಿ ಸೊಂಟಕ್ಕೆ ಕಟ್ಟುವ ಪೆಡೋಮೀಟರ್ ಮಾರಾಟಕ್ಕೆ ಬಿಟ್ಟಿತು. ಹತ್ತು ಸಾವಿರವನ್ನು ಅದರ ಹೆಸರಿನಲ್ಲೇ ಇಟ್ಟು ಮಾರಿತು. ಬಾಯಲ್ಲಿ ನಿಲ್ಲುವ ಸಂಖ್ಯೆ ನೋಡಿ, ಉಳಿದುಬಿಟ್ಟಿತು.

ಸಂಶೋಧನೆ ಬಂದದ್ದು ಬಹಳ ತಡವಾಗಿ. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಗಾರರು ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆ ಅಳೆದು, ಮುಂದಿನ ವರ್ಷಗಳಲ್ಲಿ ಯಾರು ಬದುಕುಳಿದರು ಅಂತ ನೋಡಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ನಡೆದವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. 7,500ರ ಹತ್ತಿರ ಆ ಲಾಭ ಸಮತಟ್ಟಾಯಿತು. 2022ರಲ್ಲಿ 15 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ 60 ದಾಟಿದವರಿಗೆ 6,000ದಿಂದ 8,000, ಅದಕ್ಕಿಂತ ಚಿಕ್ಕವರಿಗೆ 8,000ದಿಂದ 10,000 ಹೆಜ್ಜೆಯ ಹೊತ್ತಿಗೆ ಲಾಭ ಹೆಚ್ಚುವುದು ನಿಲ್ಲುತ್ತಿತ್ತು. ಇಲ್ಲೊಂದು ಎಚ್ಚರ. ಹೆಚ್ಚು ನಡೆಯುವವರು ಮೊದಲೇ ಆರೋಗ್ಯವಾಗಿ ಇದ್ದಿರಬಹುದು, ಹಾಗಾಗಿ ಎಲ್ಲವೂ ನಡಿಗೆಯಿಂದಲೇ ಬಂತು ಅನ್ನಲಾಗದು. ಸಂಶೋಧಕರು ಇದನ್ನು ಸರಿದೂಗಿಸಲು ನೋಡುತ್ತಾರೆ, ಪೂರ್ತಿ ಆಗುವುದಿಲ್ಲ.

ಆದರೂ ಒಂದು ಮಾತು ಗಟ್ಟಿ. ಜಾಸ್ತಿ ಲಾಭ ಇರುವುದು ತೀರಾ ಕಡಿಮೆ ನಡೆಯುವವರು ಸ್ವಲ್ಪ ಹೆಚ್ಚು ನಡೆದಾಗ. ಅದಕ್ಕೆ ಮೊದಲ ವಾರ ಯಾವ ಗುರಿಯೂ ಬೇಡ. ಎಂದಿನಂತೆ ಇರಿ, ವಾಚ್ ಕಟ್ಟಿಕೊಂಡು ಸುಮ್ಮನಿರಿ. ವಾರದ ಸರಾಸರಿ 3,200 ಬಂತು ಅನ್ನಿ. ಆ್ಯಪ್‌ನ ಗುರಿಯನ್ನು 10,000ದಿಂದ ತೆಗೆದು 4,000ಕ್ಕೆ ಇಡಿ. ಅದು ಅಭ್ಯಾಸವಾದ ಮೇಲೆ ಇನ್ನೊಂದು 500 ಸೇರಿಸಿ. ನಿಮ್ಮ ವಾಚ್ ಕೊಡೆಯ ಹೆಜ್ಜೆ ಬಿಟ್ಟುಬಿಡುವ ಸ್ವಭಾವದ್ದಾದರೂ ಪರವಾಗಿಲ್ಲ, ಈ ವಾರವೂ ಮುಂದಿನ ವಾರವೂ ಅದು ಒಂದೇ ಥರ ಬಿಡುತ್ತದೆ. ನಿಮ್ಮನ್ನು ನಿಮ್ಮ ಜೊತೆಗೇ ಹೋಲಿಸಲು ಅಷ್ಟು ಸಾಕು. ಪಕ್ಕದ ತೋಟದವರ ವಾಚಿನ ಜೊತೆ ಪಂದ್ಯಕ್ಕೆ ಇಳಿದರೆ ಮಾತ್ರ ಅರ್ಥವಿಲ್ಲ.

ಏರಿನ ಲೆಕ್ಕ ಬೇರೆ

ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ 6,000 ಹೆಜ್ಜೆ, ಮಡಿಕೇರಿಯಲ್ಲಿ 6,000 ಹೆಜ್ಜೆ. ವಾಚ್‌ಗೆ ಎರಡೂ ಒಂದೇ. ದೇಹಕ್ಕೆ ಖಂಡಿತ ಅಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ನಡಿಗೆಯ ಸೂತ್ರ ಹಾಕಿ ನೋಡಿ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಸಮತಟ್ಟಿನಲ್ಲಿ ನಡೆಯುವುದಕ್ಕಿಂತ, ಹತ್ತು ಮೀಟರ್‌ಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗದಲ್ಲಿ ನಡೆದರೆ ದೇಹಕ್ಕೆ ಬೇಕಾಗುವ ಆಮ್ಲಜನಕ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ನಮ್ಮಲ್ಲಿ ಇಂಥ ಏರು ಮನೆ ಗೇಟಿನಿಂದಲೇ ಶುರುವಾಗುತ್ತದೆ ಅಲ್ವಾ.

ಚಾರಣಿಗರಿಗೆ ಇದು ಹಳೇ ಸಂಗತಿ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಕೊಟ್ಟ ಲೆಕ್ಕವನ್ನು ಇಂದಿಗೂ ಬಳಸುತ್ತಾರೆ. ಐದು ಕಿಲೋಮೀಟರ್‌ಗೆ ಒಂದು ಗಂಟೆ, ಮೇಲೆ ಹತ್ತುವ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವವರು ಹೆಜ್ಜೆಯ ಸಂಖ್ಯೆ ನೋಡಿ ಸಮಯ ಅಂದಾಜು ಮಾಡಿದರೆ ಕತ್ತಲಾಗುವ ಮೊದಲು ಇಳಿಯುವುದು ಅನುಮಾನ.

ವೇಗ ನೋಡುವುದೂ ಒಳ್ಳೆಯದು. ಸಮತಟ್ಟಿನಲ್ಲಿ ನಿಮಿಷಕ್ಕೆ 100 ಹೆಜ್ಜೆ ಅಂದರೆ ವಯಸ್ಕರಿಗೆ ಮಧ್ಯಮ ಮಟ್ಟದ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಹೇಳುತ್ತದೆ. ಅಂದರೆ ಇಡೀ ವಾರಕ್ಕೆ ಇಂಥ ಬಿರುಸಿನ ಹೆಜ್ಜೆ 15,000 ಸಿಕ್ಕರೆ ಆಯಿತು. ಏರಿನಲ್ಲಿ ಈ ನೂರರ ಲೆಕ್ಕ ಬಿಡಿ, ಅಲ್ಲಿ ಹೆಜ್ಜೆ ನಿಧಾನವಾದರೂ ಎದೆ ಜೋರಾಗಿ ಬಡಿಯುತ್ತದೆ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅನ್ನುವ ಸ್ಥಿತಿ ಇದ್ದರೆ ಸರಿಯಾದ ಮಟ್ಟದಲ್ಲಿದ್ದೀರಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿ, ಡಾಕ್ಟರ್ ಹತ್ತಿರ ಹೋಗಿ, ವಾಚ್ ಏನೇ ಹೇಳಲಿ.

ಕೆಲವು ವಾಚುಗಳು 'ಫ್ಲೋರ್ಸ್' ಅಂತ ಹತ್ತಿದ ಮಹಡಿ ತೋರಿಸುತ್ತವೆ. ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಅದರಲ್ಲಿರಬೇಕು. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ, ಸುಮಾರು ಮೂರು ಮೀಟರ್ ಏರಿದರೆ ಒಂದು ಮಹಡಿ ಅಂತ ಬರೆದುಕೊಳ್ಳುತ್ತದೆ. ಗುಡ್ಡದ ಊರಿಗೆ ವಾಚ್ ಕೊಳ್ಳುವವರು ಇದೊಂದು ಸೌಲಭ್ಯ ಇದೆಯಾ ಅಂತ ಕೇಳಿ ಕೊಳ್ಳಬೇಕು. ಕಡಿಮೆ ಬೆಲೆಯವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ಕ್ಯಾಲರಿ ಸಂಖ್ಯೆಯನ್ನು ನೋಡಲೇಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಕೈಪಟ್ಟಿ ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತದಲ್ಲಿ ಆರು ಸಾಧನಗಳು ಚೆನ್ನಾಗಿದ್ದವು. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಆ ಸಂಖ್ಯೆ ನಂಬಿ ಇನ್ನೆರಡು ಕಡಂಬಿಟ್ಟು ಜಾಸ್ತಿ ತಿಂದರೆ ಪಂದಿ ಕರಿಯದ್ದೇನೂ ತಪ್ಪಿಲ್ಲ.

ಗುರಿ ಮುಟ್ಟುವ ಹಟದಲ್ಲಿ ಹೊತ್ತಲ್ಲದ ಹೊತ್ತಲ್ಲಿ ಹೊರಡಬೇಡಿ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ಕಾಡಾನೆಗಳು ತೋಟದೊಳಗೇ ಇರುತ್ತವೆ. ನಸುಕು, ಮುಸ್ಸಂಜೆ ಅವುಗಳ ಓಡಾಟದ ಸಮಯ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೆಯುವುದಂತೂ ಬೇಡವೇ ಬೇಡ. ಕಣ ಇದ್ದವರು ಅಲ್ಲೇ ಸುತ್ತು ಹಾಕಬಹುದು. 30 ಮೀಟರ್ ಉದ್ದ, 20 ಮೀಟರ್ ಅಗಲದ ಕಣದ ಸುತ್ತಳತೆ 100 ಮೀಟರ್, ಹತ್ತು ಸುತ್ತಿಗೆ ಒಂದು ಕಿಲೋಮೀಟರ್, ಹತ್ತಿರ ಹತ್ತಿರ 1,500 ಹೆಜ್ಜೆ. ಮಳೆಗಾಲದಲ್ಲಿ ಕಣ ಪಾಚಿ ಹಿಡಿದು ಜಾರುತ್ತದೆ, ಆಗ ಜಗಲಿಯೇ ಗತಿ. ಜಗಲಿಯಲ್ಲಿ ಪದೇ ಪದೇ ತಿರುಗಬೇಕಾದ್ದರಿಂದ ಲಯ ಮುರಿದು ಒಂದಷ್ಟು ಹೆಜ್ಜೆ ಬಿಟ್ಟುಹೋಗುತ್ತದೆ, ಬಿಡಿ.

ತಿಂಗಳ ಗ್ರಾಫ್ ನೋಡುವಾಗಲೂ ನಮ್ಮ ಊರಿನ ಹವಾಮಾನ ನೆನಪಿರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಂಖ್ಯೆ ಕುಸಿಯುತ್ತದೆ, ಕಾಫಿ ಕೊಯ್ಲು ಶುರುವಾದ ಮೇಲೆ ಏರುತ್ತದೆ. ಆ್ಯಪ್ ಮಾತ್ರ ಜುಲೈನಲ್ಲಿ 'ಕಳೆದ ತಿಂಗಳಿಗಿಂತ ಕಡಿಮೆ ನಡೆದಿದ್ದೀರಿ' ಅಂತ ಚುಚ್ಚುತ್ತಿರುತ್ತದೆ. ಆ ನೋಟಿಫಿಕೇಶನ್ ಆಫ್ ಮಾಡಿ, ವರ್ಷದ ನೋಟ ತೆರೆದು ಈ ಜುಲೈಯನ್ನು ಹೋದ ವರ್ಷದ ಜುಲೈ ಜೊತೆ ಹೋಲಿಸಿ.